ಮನೆ ಹುಡುಕಲು ಕಾರಣ ಏನು? ಮುಚ್ಚಿದ ಲಕೋಟೆಯ ಕಾನೂನು



ನಮ್ಮ ಕಿರಿಮಂಜೇಶ್ವರದ ಕಡೆ ಎಷ್ಟೋ ಮನೆಗಳನ್ನು ನಡೆಸುವವರು ಹೆಂಗಸರೇ. ಗಂಡಸರು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಾರೆ. ಕೆಲವರು ದೋಣಿ ಹತ್ತಿ ಕಡಲಿಗೆ ಹೋಗುತ್ತಾರೆ. ಬಾಗಿಲಿಗೆ ಯಾರು ಬಂದರೂ ಮೊದಲು ಎದುರಾಗುವವಳು ಮನೆಯಾಕೆ. ಅಂಚೆಯವರು ಬಂದರೂ ಅವಳೇ. ಕರೆಂಟ್ ಬಿಲ್ಲಿನವರು ಬಂದರೂ ಅವಳೇ. ಒಂದು ದಿನ ಪೊಲೀಸರು ಬಂದು "ಮನೆ ಹುಡುಕಬೇಕು" ಎಂದರೂ ಮಾತಾಡಬೇಕಾದವಳು ಅವಳೇ.

ಆಗ ಅವಳ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ಯಾವುದು?

"ಹ್ವಾಯ್, ನಮ್ಮನಿಗೆ ಎಂತಕ್ಕೆ ಬಂದ್ರಿ?"

ಇದು ಸರಿಯಾದ ಪ್ರಶ್ನೆ. ಕಾನೂನು ಕೂಡ ಇದನ್ನೇ ಕೇಳುತ್ತದೆ. ಕಾರಣ ಇಲ್ಲದೆ ಯಾರ ಮನೆಯನ್ನೂ ಹುಡುಕುವ ಹಾಗಿಲ್ಲ. ಆ ಕಾರಣ ಕಾಗದದ ಮೇಲೆ ಇರಬೇಕು. ಆದರೆ ಆ ಕಾಗದವನ್ನು ಕೆಲವೊಮ್ಮೆ ಮುಚ್ಚಿ ಇಡುತ್ತಾರೆ. ಏಕೆ ಮುಚ್ಚುತ್ತಾರೆ? ಎಷ್ಟು ದಿನ ಮುಚ್ಚಿಡಬಹುದು? ನಾವು ಅದನ್ನು ಯಾವಾಗ ಓದಬಹುದು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಕಾರಣ ಎಲ್ಲಿ ಬರೆದಿರುತ್ತದೆ?

ಮನೆ ಹುಡುಕುವುದಕ್ಕೆ ಶೋಧನೆ ಎನ್ನುತ್ತಾರೆ. ಶೋಧನೆ ಎರಡು ರೀತಿಯಲ್ಲಿ ನಡೆಯುತ್ತದೆ.

ಮೊದಲನೆಯದು ವಾರಂಟಿನ ಶೋಧನೆ. ಪೊಲೀಸರು ಕೋರ್ಟಿಗೆ ಹೋಗುತ್ತಾರೆ. "ಇಂಥ ಮನೆಯಲ್ಲಿ ಕದ್ದ ಮಾಲು ಇದೆ ಎಂದು ನಮಗೆ ತಿಳಿದಿದೆ" ಎಂದು ಮ್ಯಾಜಿಸ್ಟ್ರೇಟರಿಗೆ ಬರೆದು ಕೊಡುತ್ತಾರೆ. ಮ್ಯಾಜಿಸ್ಟ್ರೇಟರು ಎಂದರೆ ಅಪರಾಧದ ವಿಚಾರಣೆ ಮಾಡುವ ನ್ಯಾಯಾಧೀಶರು. ಅವರಿಗೆ ಕಾರಣ ಸರಿ ಎಂದು ಕಂಡರೆ ಹುಡುಕಲು ಅಪ್ಪಣೆ ಕೊಡುತ್ತಾರೆ. ಆ ಅಪ್ಪಣೆಯ ಕಾಗದವೇ ವಾರಂಟು.

ಎರಡನೆಯದು ವಾರಂಟು ಇಲ್ಲದ ಶೋಧನೆ. ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ಮಾಲು ಕೈಬಿಟ್ಟು ಹೋಗಬಹುದು. ಅಂಥ ತುರ್ತಿನಲ್ಲಿ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ವಾರಂಟು ಇಲ್ಲದೆ ಹುಡುಕಬಹುದು. ಆದರೆ ಹೊರಡುವ ಮೊದಲು ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ಯಾವ ವಸ್ತುವನ್ನು ಹುಡುಕುತ್ತೇವೆ ಎಂಬುದನ್ನೂ ಆದಷ್ಟು ಮಟ್ಟಿಗೆ ಬರೆಯಬೇಕು. ತಾವೇ ಹೋಗಲಾಗದೆ ಕೈಕೆಳಗಿನವರನ್ನು ಕಳಿಸಿದರೆ ಅವರಿಗೆ ಲಿಖಿತ ಆದೇಶ ಕೊಡಬೇಕು.

ಈ ನಿಯಮ ಇಂದಿನದಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 185ನೇ ಕಲಮಿನಲ್ಲಿ ಈ ಮಾತು ಇದೆ.

ಕಾರಣ ಬರೆಯುವುದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸವೇ? ಅಲ್ಲ. 1959ರಲ್ಲಿ ರಾಜಸ್ಥಾನದ ರಹಮಾನ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿತು. ಅಲ್ಲಿ ಅಧಿಕಾರಿಗಳು ಕಾರಣ ಬರೆಯದೆಯೇ ತಂಬಾಕು ಹುಡುಕಲು ಹೋಗಿದ್ದರು. ಕಾರಣ ಬರೆದಿಡುವುದು ಮುಖ್ಯವಾದ ಹೆಜ್ಜೆ, ಅದನ್ನು ಬಿಟ್ಟು ಮಾಡಿದ ಶೋಧನೆ ಕ್ರಮಬದ್ಧವಲ್ಲ ಎಂದು ಕೋರ್ಟು ತೀರ್ಮಾನಿಸಿತು.

ಮೊದಲೇ ಏಕೆ ಹೇಳುವುದಿಲ್ಲ?

"ಹಾಗಾದರೆ ಬರುವ ಮೊದಲೇ ನಮಗೆ ತಿಳಿಸಬಹುದಲ್ಲ?" ಎಂದು ನೀವು ಕೇಳಬಹುದು.

ಯೋಚಿಸಿ ನೋಡಿ. ಊರಿನ ಒಂದು ಮನೆಯಲ್ಲಿ ಕಳ್ಳ ಸಾರಾಯಿ ಮಾರುತ್ತಾರೆ ಎಂದುಕೊಳ್ಳಿ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿದೆ. "ನಾಳೆ ಹನ್ನೊಂದು ಗಂಟೆಗೆ ಹುಡುಕಲು ಬರುತ್ತೇವೆ" ಎಂದು ಮೊದಲೇ ಹೇಳಿದರೆ ಏನಾಗುತ್ತದೆ? ಹತ್ತು ಗಂಟೆಗೆ ಕ್ಯಾನುಗಳು ತೋಡು ದಾಟಿರುತ್ತವೆ. ಆದ್ದರಿಂದ ಶೋಧನೆ ಮುಗಿಯುವ ತನಕ ಗುಟ್ಟು ಬೇಕು. ಇದು ನ್ಯಾಯವಾದ ಗುಟ್ಟು.

ಇನ್ನೊಂದು ಗುಟ್ಟೂ ಇದೆ. ಆ ಕಳ್ಳ ಸಾರಾಯಿಯ ಸುದ್ದಿಯನ್ನು ಠಾಣೆಗೆ ಹೇಳಿದ್ದು ಯಾರು? ಪಕ್ಕದ ಮನೆಯ ಹೆಂಗಸು ಇರಬಹುದು. ಸ್ವಸಹಾಯ ಸಂಘದ ನಾಲ್ಕು ಜನ ಸೇರಿ ಹೇಳಿರಬಹುದು. ಅವರ ಹೆಸರು ಹೊರಗೆ ಬಂದರೆ ಅವರು ಊರಲ್ಲಿ ಬಾಳುವುದು ಹೇಗೆ? ನಾಳೆ ಸುದ್ದಿ ಕೊಡಲು ಯಾರು ಮುಂದೆ ಬರುತ್ತಾರೆ?

ಇದಕ್ಕಾಗಿ ಸಾಕ್ಷ್ಯದ ಕಾನೂನಿನಲ್ಲಿ ಒಂದು ರಕ್ಷಣೆ ಇದೆ. "ಈ ಸುದ್ದಿ ನಿಮಗೆ ಎಲ್ಲಿಂದ ಬಂತು, ಹೇಳಲೇಬೇಕು" ಎಂದು ಪೊಲೀಸರನ್ನಾಗಲಿ ಅಬಕಾರಿ ಅಧಿಕಾರಿಯನ್ನಾಗಲಿ ಕೋರ್ಟಿನಲ್ಲಿ ಒತ್ತಾಯ ಮಾಡುವ ಹಾಗಿಲ್ಲ. ಆದರೆ 1965ರ ಕರ್ನಾಟಕ ಅಬಕಾರಿ ಕಾಯಿದೆಯಲ್ಲೂ ವಾರಂಟಿಲ್ಲದೆ ಹುಡುಕುವ ಅಧಿಕಾರಿ ತನ್ನ ನಂಬಿಕೆಯ ಆಧಾರವನ್ನು ಬರೆದಿಡಲೇಬೇಕು. ಹೆಸರು ಗುಟ್ಟಾಗಿ ಇರಬಹುದು. ಕಾರಣ ಬರೆಯದೆ ಇರುವ ಹಾಗಿಲ್ಲ.

ಆಮೇಲೆ ಕಾರಣ ಕೇಳಬಹುದೇ?

ಕೇಳಬಹುದು. ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಇದು.

ವಾರಂಟು ಇಲ್ಲದೆ ಪೊಲೀಸರು ಮನೆ ಹುಡುಕಿದರೆ, ಕಾರಣ ಬರೆದ ದಾಖಲೆಯ ಪ್ರತಿಯನ್ನು 48 ಗಂಟೆಯ ಒಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮನೆಯ ಯಜಮಾನರು ಅಥವಾ ಆ ಮನೆಯಲ್ಲಿ ವಾಸ ಇರುವವರು ಅರ್ಜಿ ಕೊಟ್ಟರೆ, ಮ್ಯಾಜಿಸ್ಟ್ರೇಟರು ಅದರ ಪ್ರತಿಯನ್ನು ಉಚಿತವಾಗಿ ಕೊಡಿಸಬೇಕು.

ಇಲ್ಲಿ ಎರಡು ಮಾತು ಗಮನಿಸಿ. ಮನೆ ನಿಮ್ಮ ಹೆಸರಿನಲ್ಲೇ ಇರಬೇಕೆಂದಿಲ್ಲ. ಬಾಡಿಗೆ ಮನೆಯಾದರೂ ಸರಿ, ಗಂಡನ ಹೆಸರಿನ ಮನೆಯಾದರೂ ಸರಿ. ಅಲ್ಲಿ ವಾಸ ಇರುವ ಹೆಂಗಸು ಅರ್ಜಿ ಕೊಡಬಹುದು. ಪ್ರತಿಗೆ ಹಣ ಕೊಡಬೇಕಾಗಿಲ್ಲ.

ವಾರಂಟಿನ ಶೋಧನೆಯಾದರೆ ದಾರಿ ಸ್ವಲ್ಪ ಬೇರೆ. ಮನೆಯವರು ವಾರಂಟನ್ನು ತೋರಿಸಿ ಎಂದು ಕೇಳಬಹುದು. ಆಮೇಲೆ, ಆದೇಶದಿಂದ ಬಾಧಿತರಾದವರು ಕೋರ್ಟಿಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಆದೇಶದ ನಕಲು ಪಡೆಯಬಹುದು.

ಮುಂದೆ ಮನೆಯ ಯಾರ ಮೇಲಾದರೂ ಪೊಲೀಸರು ದೋಷಾರೋಪ ಪಟ್ಟಿ ಹಾಕಿದರೆ, ಆ ಆರೋಪಿಗೆ ದಾಖಲೆಗಳ ಪ್ರತಿ ಉಚಿತವಾಗಿ ಸಿಗಬೇಕು. ಅಲ್ಲೂ ಒಂದು ಸಣ್ಣ ಬೀಗ ಇದೆ. ಯಾರದಾದರೂ ಹೇಳಿಕೆಯ ಒಂದು ಭಾಗವನ್ನು ತಿಳಿಸುವುದು ಸಾರ್ವಜನಿಕರ ಹಿತಕ್ಕೆ ಒಳ್ಳೆಯದಲ್ಲ ಎಂದು ಪೊಲೀಸರಿಗೆ ಅನ್ನಿಸಬಹುದು. ಆಗ ಅದನ್ನು ಬಿಟ್ಟು ಕೊಡಿ ಎಂದು ಕಾರಣ ಬರೆದು ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಮ್ಯಾಜಿಸ್ಟ್ರೇಟರು ಆ ಭಾಗವನ್ನು ಸ್ವತಃ ಓದುತ್ತಾರೆ. ಬೇಕೆಂದು ಕಂಡರೆ ಅದನ್ನೂ ಕೊಡಿ ಎನ್ನಬಹುದು. ಕೊನೆಯ ಮಾತು ಪೊಲೀಸರದಲ್ಲ, ಕೋರ್ಟಿನದು.

ಪ್ರತಿ ಕೇಳುವ ಅರ್ಜಿ

ವಾರಂಟು ಇಲ್ಲದೆ ಶೋಧನೆ ಆದಾಗ ಹೀಗೆ ಬರೆಯಬಹುದು. ಒಮ್ಮೆ ನಿಮ್ಮ ಪುಸ್ತಕದಲ್ಲಿ ಬರೆದು ಅಭ್ಯಾಸ ಮಾಡಿ.

ಇವರಿಗೆ,
ಮಾನ್ಯ ಮ್ಯಾಜಿಸ್ಟ್ರೇಟರು,
............ ನ್ಯಾಯಾಲಯ.

ವಿಷಯ: ಮನೆ ಶೋಧನೆಯ ಕಾರಣ ಬರೆದ ದಾಖಲೆಯ ಪ್ರತಿ ಬೇಕೆಂದು ಅರ್ಜಿ.

ಮಾನ್ಯರೇ,
ನಾನು ಕಿರಿಮಂಜೇಶ್ವರ ಗ್ರಾಮದ ನಿವಾಸಿ. ನಾನು ವಾಸವಾಗಿರುವ ಮನೆಯನ್ನು ............ ಠಾಣೆಯ ಪೊಲೀಸರು ............ ತಾರೀಕಿನಂದು ಶೋಧನೆ ಮಾಡಿದ್ದಾರೆ. ಶೋಧನೆಗೆ ಕಾರಣ ಬರೆದು ತಮಗೆ ಕಳಿಸಿದ ದಾಖಲೆಯ ಪ್ರತಿಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನ 5ನೇ ಉಪಕಲಮಿನಂತೆ ಉಚಿತವಾಗಿ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಾರೀಕು: ............
ಸಹಿ: ............

ಅರ್ಜಿಯ ಒಂದು ನಕಲನ್ನು ನೀವು ಇಟ್ಟುಕೊಳ್ಳಿ. ಅದರ ಮೇಲೆ ಕೋರ್ಟಿನ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಠಾಣೆ ಯಾವ ಕೋರ್ಟಿಗೆ ಸೇರಿದೆ ಎಂದು ಠಾಣೆಯಲ್ಲೇ ಕೇಳಿದರೆ ಹೇಳುತ್ತಾರೆ.

ಲಕೋಟೆಗೆ ಮುದ್ರೆ ಹಾಕುವ ಕಾಯಿದೆಗಳು

ಈವರೆಗೆ ಹೇಳಿದ್ದು ಸಾಮಾನ್ಯ ಅಪರಾಧಗಳ ಮಾತು. ಕೆಲವು ಕಾಯಿದೆಗಳಲ್ಲಿ ಗುಟ್ಟು ಇನ್ನೂ ಬಿಗಿಯಾಗಿದೆ.

ಅಪರಾಧದಿಂದ ಬಂದ ಹಣವನ್ನು ಒಳ್ಳೆಯ ಹಣದ ಹಾಗೆ ತೋರಿಸುವುದನ್ನು ತಡೆಯಲು 2002ರ ಕಾಯಿದೆ ಒಂದಿದೆ. ಇದನ್ನು ಜಾರಿ ನಿರ್ದೇಶನಾಲಯದವರು, ಅಂದರೆ ಪೇಪರಿನಲ್ಲಿ ಇ.ಡಿ. ಎಂದು ಬರೆಯುತ್ತಾರಲ್ಲ, ಅವರು ನಡೆಸುತ್ತಾರೆ. ಈ ಕಾಯಿದೆಯಲ್ಲಿ ಅಧಿಕಾರಿ ಶೋಧನೆಯ ಕಾರಣವನ್ನು ಬರೆಯಬೇಕು. ಶೋಧನೆ ಮುಗಿದ ಕೂಡಲೇ ಆ ಕಾರಣವನ್ನೂ ತನ್ನ ಬಳಿ ಇರುವ ಆಧಾರವನ್ನೂ ಲಕೋಟೆಗೆ ಹಾಕಿ, ಮುದ್ರೆ ಒತ್ತಿ, ನ್ಯಾಯನಿರ್ಣಯ ಪ್ರಾಧಿಕಾರ ಎಂಬ ಮೇಲಿನ ಸಂಸ್ಥೆಗೆ ಕಳಿಸಬೇಕು. ಅವರು ಅದನ್ನು ಕಾದಿಡುತ್ತಾರೆ.

ಮುದ್ರೆ ಹಾಕುವುದರಿಂದ ಒಂದು ಒಳ್ಳೆಯದೂ ಇದೆ. ಆಮೇಲೆ ಯಾರೂ ಕಾರಣವನ್ನು ತಿದ್ದುವ ಹಾಗಿಲ್ಲ. ಮನೆ ಹುಡುಕಿ ಏನೋ ಸಿಕ್ಕಿದ ಮೇಲೆ "ನಮಗೆ ಮೊದಲೇ ಗೊತ್ತಿತ್ತು" ಎಂದು ಹೊಸ ಕಾರಣ ಸೇರಿಸಲು ಬರುವುದಿಲ್ಲ. ಆದರೆ ಮನೆಯವರಿಗೆ ಅದನ್ನು ಓದಲು ಆಗುವುದಿಲ್ಲ ಎಂಬುದು ಇನ್ನೊಂದು ಮುಖ.

ಆದಾಯ ತೆರಿಗೆಯ ವಿಷಯದಲ್ಲಿ 2017ರಲ್ಲಿ ಒಂದು ತಿದ್ದುಪಡಿ ಬಂತು. ಶೋಧನೆಯ ಕಾರಣವನ್ನು ಯಾವ ವ್ಯಕ್ತಿಗೂ ತಿಳಿಸುವಂತಿಲ್ಲ, ತೆರಿಗೆಯ ಮೇಲ್ಮನವಿ ಕೇಳುವ ನ್ಯಾಯಮಂಡಳಿಗೂ ತಿಳಿಸುವಂತಿಲ್ಲ ಎಂದು ಅದು ಹೇಳಿತು.

ಲಕೋಟೆ ಮುಚ್ಚಿದ್ದರೆ ಕೇಳುವವರೇ ಇಲ್ಲವೇ? ಹೈಕೋರ್ಟು ಇದೆ. ಮೈಸೂರಿನ ಒಂದು ಪ್ರಕರಣ ನೋಡಿ. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ಹಿಂದಿನ ಆಯುಕ್ತ ಡಿ.ಬಿ. ನಟೇಶ್ ಅವರ ಮನೆಯನ್ನು 2024ರ ಅಕ್ಟೋಬರ್ 28 ಮತ್ತು 29ರಂದು ಇ.ಡಿ. ಶೋಧನೆ ಮಾಡಿತು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ನಂಬಲು ತಕ್ಕ ಕಾರಣ ಇಲ್ಲದೆ ಈ ಶೋಧನೆ ನಡೆದಿದೆ, ಇದು ಕಾನೂನಿಗೆ ಸರಿಯಲ್ಲ ಎಂದು 2025ರ ಜನವರಿ 27ರಂದು ಏಕಸದಸ್ಯ ಪೀಠ ಹೇಳಿತು. ಇ.ಡಿ. ಇದರ ಮೇಲೆ ಮೇಲ್ಮನವಿ ಹಾಕಿತು. ದೊಡ್ಡ ಇಲಾಖೆಯ ಕಾರಣವನ್ನೂ ಕೋರ್ಟು ಒರೆಗೆ ಹಚ್ಚಿ ನೋಡಬಹುದು ಎಂಬುದು ಇದರಿಂದ ನಮಗೆ ತಿಳಿಯುತ್ತದೆ.

ಬೇರೆ ದೇಶದಲ್ಲಿ ಹೇಗೆ?

ಅಮೇರಿಕದಲ್ಲಿ ವಾರಂಟು ಬೇಕಾದರೆ ಅಧಿಕಾರಿ ಪ್ರಮಾಣ ಮಾಡಿ ಕಾರಣ ಬರೆದುಕೊಡಬೇಕು. ನಾವು ಜಾತಿ, ಆದಾಯದ ಕೆಲಸಕ್ಕೆ ಅಫಿಡವಿಟ್ ಮಾಡಿಸುತ್ತೇವಲ್ಲ, ಅಂಥದ್ದೇ ಪ್ರಮಾಣಪತ್ರ. ತನಿಖೆಗೆ ತೊಂದರೆ ಆಗುತ್ತದೆ ಎಂದು ಕಂಡರೆ ನ್ಯಾಯಾಧೀಶರು ಅದನ್ನು ಮುಚ್ಚಿಡಲು ಆದೇಶ ಮಾಡಬಹುದು. ಆಮೇಲೆ ಯಾರಾದರೂ "ತೆರೆಯಿರಿ" ಎಂದು ಕೇಳಬಹುದು.

2022ರ ಆಗಸ್ಟ್ 8ರಂದು ಅಲ್ಲಿ ಆಗ ಮಾಜಿ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಅವರ ಫ್ಲೋರಿಡಾದ ಮನೆಯನ್ನು ಶೋಧಿಸಿದರು. ಪ್ರಮಾಣಪತ್ರ ಮುಚ್ಚಿತ್ತು. ಪತ್ರಿಕೆಗಳವರು ಕೋರ್ಟಿಗೆ ಹೋದರು. ನ್ಯಾಯಾಧೀಶ ಬ್ರೂಸ್ ರೈನ್‌ಹಾರ್ಟ್ ಅವರ ಆದೇಶದಂತೆ ಆಗಸ್ಟ್ 26ರಂದು ಅದು ಹೊರಗೆ ಬಂತು. ಸಾಕ್ಷಿಗಳನ್ನು ಗುರುತು ಹಿಡಿಯುವಂಥ ಸಾಲುಗಳಿಗೆ ಕಪ್ಪು ಬಣ್ಣ ಬಳಿದಿದ್ದರು. ಉಳಿದದ್ದನ್ನು ಎಲ್ಲರೂ ಓದಿದರು.

ನಮ್ಮ ಸುಪ್ರೀಂ ಕೋರ್ಟು ಕೂಡ ಇಂಥದೇ ದಾರಿ ತೋರಿಸಿದೆ. ಮೀಡಿಯಾ ಒನ್ ಎಂಬ ಮಲಯಾಳಂ ಟಿ.ವಿ. ಚಾನೆಲಿನ ಪರವಾನಗಿಯನ್ನು ಕೇಂದ್ರ ಸರ್ಕಾರ 2022ರಲ್ಲಿ ಮುಂದುವರಿಸಲಿಲ್ಲ. ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟಿತು. ಚಾನೆಲಿನವರಿಗೆ ತೋರಿಸಲಿಲ್ಲ. ಇದು ಮನೆ ಶೋಧನೆಯ ವಿಷಯ ಅಲ್ಲ. ಆದರೆ ಪ್ರಶ್ನೆ ಒಂದೇ. ಏನು ತಪ್ಪು ಎಂದು ಹೇಳದಿದ್ದರೆ ಉತ್ತರ ಕೊಡುವುದು ಹೇಗೆ? 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಸರ್ಕಾರದ ಆದೇಶವನ್ನು ರದ್ದು ಮಾಡಿತು. ಗುಟ್ಟು ನಿಜವಾಗಿ ಬೇಕಿದ್ದರೆ ಆ ಸಾಲುಗಳನ್ನಷ್ಟೇ ಮರೆಮಾಡಬಹುದು, ಇಲ್ಲವೇ ಸಾರಾಂಶ ಕೊಡಬಹುದು, ಸುಮ್ಮನೆ ಎಲ್ಲವನ್ನೂ ಮುಚ್ಚುವುದು ನ್ಯಾಯವಲ್ಲ ಎಂದಿತು.

ಶೋಧನೆಯ ದಿನ ಏನು ಮಾಡಬೇಕು?

ಹೆದರಬೇಡಿ. ಅಡ್ಡ ನಿಲ್ಲಬೇಡಿ. ವಾರಂಟು ತೋರಿಸಿದ ಮೇಲೆ ಒಳಗೆ ಬಿಡಬೇಕು ಎಂದು ಕಾನೂನು ಇದೆ. ತಡೆದರೆ ಬಾಗಿಲು ಒಡೆಯುವ ಅಧಿಕಾರವೂ ಅವರಿಗೆ ಇದೆ. ಆದರೆ ಕೇಳಬಹುದು. "ಕಾಗ್ದ ಇತ್ತಾ? ಕಾಂಬ" ಎನ್ನಿ. ಯಾವ ಠಾಣೆ, ಅಧಿಕಾರಿಯ ಹೆಸರು ಏನು, ಎಷ್ಟು ಗಂಟೆ ಎಂದು ಬರೆದುಕೊಳ್ಳಿ.

ಪಂಚರು ಇರಬೇಕು. ಊರಿನ ಇಬ್ಬರಾದರೂ ಸ್ವತಂತ್ರ ಜನರನ್ನು ಸಾಕ್ಷಿಗೆ ಕರೆಯಬೇಕು. ಹೆಂಗಸರೂ ಪಂಚರಾಗಬಹುದು.

ಹುಡುಕುವಾಗ ನೀವು ಅಥವಾ ನಿಮ್ಮ ಪರವಾಗಿ ಒಬ್ಬರು ಅಲ್ಲಿ ಇರಬಹುದು. "ಹೊರಗೆ ನಿಲ್ಲಿ" ಎಂದರೆ "ನೋಡಲು ಬಿಡಿ" ಎಂದು ಕೇಳಿ. ಈಗಿನ ಕಾನೂನಿನಂತೆ ಪೊಲೀಸರು ಶೋಧನೆಯನ್ನು ವಿಡಿಯೋ ಕೂಡ ಮಾಡಬೇಕು.

ಹೆಂಗಸಿನ ಮೈಯನ್ನು ಗಂಡಸರು ಹುಡುಕುವ ಹಾಗಿಲ್ಲ. ಇನ್ನೊಬ್ಬ ಹೆಂಗಸೇ ಹುಡುಕಬೇಕು. ಮಾನ ಮರ್ಯಾದೆ ಕಾಯಬೇಕು.

ತೆಗೆದುಕೊಂಡು ಹೋಗುವ ವಸ್ತುಗಳ ಪಟ್ಟಿ ಮಾಡಬೇಕು. ಪಂಚರು ಸಹಿ ಹಾಕಿದ ಆ ಪಟ್ಟಿಯ ಪ್ರತಿ ನಿಮಗೆ ಸಿಗಬೇಕು. ಕರಿಮಣಿ ಸರ ಒಂದು, ಬಳೆ ಎರಡು ಎಂದು ಲೆಕ್ಕ ಸರಿ ಇದೆಯೇ ನೋಡಿ. ಓದದೆ ಸಹಿ ಹಾಕಬೇಡಿ. ಬಿಳಿ ಹಾಳೆಗೆ ಸಹಿ ಹಾಕಲೇಬೇಡಿ. ನಿಧಾನವಾಗಿ ಓದಿದರೂ ಪರವಾಗಿಲ್ಲ. ಓದುವವರೆಗೆ ಕಾಯಿರಿ ಎಂದು ಹೇಳಲು ನಾಚಿಕೆ ಬೇಡ.

ಮೊಬೈಲ್ ಫೋನಿನ ವಿಷಯದಲ್ಲಿ ನಮ್ಮ ಹೈಕೋರ್ಟು 2021ರ ಮಾರ್ಚ್ 12ರಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಫೋನಿನ ಒಳಗಿನದನ್ನು ಹುಡುಕಲೂ ಕೋರ್ಟಿನಿಂದ ವಾರಂಟು ಪಡೆಯಬೇಕು, ತುರ್ತು ಇದ್ದರೆ ಕಾರಣ ಬರೆದಿಡಬೇಕು ಎಂದು ಅದು ಹೇಳಿತು.

ಇನ್ನೊಂದು ಮಾತು ತಿಳಿದಿರಲಿ. ಶೋಧನೆಯ ಕ್ರಮ ತಪ್ಪಿದರೆ ಕೇಸೇ ಬಿದ್ದುಹೋಗುತ್ತದೆ ಎಂದು ತಿಳಿಯಬೇಡಿ. ಕ್ರಮ ತಪ್ಪಿ ಹುಡುಕಿದಾಗ ಸಿಕ್ಕ ವಸ್ತುವನ್ನೂ ಸಾಕ್ಷ್ಯವಾಗಿ ನೋಡಬಹುದು ಎಂದು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ. ಆದರೂ ಕಾಗದ ಬೇಕು. ಕಾರಣ ಗೊತ್ತಾದರೆ ಮಾತ್ರ ಅದು ಸುಳ್ಳೋ ನಿಜವೋ ಎಂದು ವಕೀಲರು ಕೋರ್ಟಿನ ಮುಂದೆ ವಾದ ಮಾಡಬಹುದು.

ವಕೀಲರಿಗೆ ದುಡ್ಡು ಎಲ್ಲಿಂದ?

"ಇದೆಲ್ಲ ಸರಿ ಮಾರಾಯ್ರೆ, ವಕೀಲರಿಗೆ ಕೊಡಲು ನಮ್ಮ ಹತ್ರ ದುಡ್ಡಿಲ್ಲೆ" ಎನ್ನುತ್ತೀರಾ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯ ಎಷ್ಟು ಎಂದು ನೋಡುವುದಿಲ್ಲ. ಕಿರಿಮಂಜೇಶ್ವರದಲ್ಲಿ ಬಸ್ಸು ಹತ್ತಿದರೆ ಮರವಂತೆ, ತ್ರಾಸಿ, ಹೆಮ್ಮಾಡಿ ದಾಟಿ ಕುಂದಾಪುರ. ಅಲ್ಲಿನ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಉಡುಪಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು.

ಹಿಂದೆ ನಮ್ಮ ಅಜ್ಜಿಯಂದಿರ ಮುಂದೆ ಕಾಗದ ಚಾಚಿ "ಇಲ್ಲಿ ಹೆಬ್ಬೆಟ್ಟು ಒತ್ತು" ಎನ್ನುತ್ತಿದ್ದರು. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಲಕೋಟೆ ಮುಚ್ಚದಿದ್ದರೂ ಅವರ ಪಾಲಿಗೆ ಎಲ್ಲ ಕಾಗದವೂ ಮುಚ್ಚಿದ ಲಕೋಟೆಯೇ ಆಗಿತ್ತು. ನಿಮಗೆ ಹಾಗಲ್ಲ. ನಿಮಗೆ ಓದಲು ಬರುತ್ತದೆ. ಅರ್ಜಿ ಬರೆಯಲೂ ಬರುತ್ತದೆ.

ನೆನಪಿಡಿ

ಶೋಧನೆಗೆ ಕಾರಣ ಬೇಕು. ಅದು ಬರವಣಿಗೆಯಲ್ಲಿ ಇರಬೇಕು.
ಶೋಧನೆ ಮುಗಿಯುವ ತನಕ ಗುಟ್ಟು ಇರಬಹುದು.
ಸುದ್ದಿ ಕೊಟ್ಟವರ ಹೆಸರಿಗೆ ರಕ್ಷಣೆ ಇದೆ.
ವಾರಂಟಿಲ್ಲದೆ ಪೊಲೀಸರು ಹುಡುಕಿದರೆ, ಕಾರಣದ ಪ್ರತಿಯನ್ನು ಅರ್ಜಿ ಕೊಟ್ಟು ಉಚಿತವಾಗಿ ಪಡೆಯಬಹುದು.
ಲಕೋಟೆ ಮುಚ್ಚಿದ್ದರೂ ಕೋರ್ಟಿಗೆ ಹೋಗುವ ದಾರಿ ಇದೆ.

ಗುಂಪಿನಲ್ಲಿ ಮಾತಾಡಿ

1. ಸುದ್ದಿ ಕೊಟ್ಟವಳ ಹೆಸರು ಹೊರಗೆ ಬಂದರೆ ಏನಾಗಬಹುದು?
2. ಮನೆ ಹುಡುಕಿದ ಕಾರಣ ಎಂದೂ ತಿಳಿಯದಿದ್ದರೆ ಆ ಮನೆಯವರಿಗೆ ಊರಲ್ಲಿ ಏನು ಕಷ್ಟ?
3. ಇಬ್ಬರಿಗೂ ನ್ಯಾಯ ಸಿಗಬೇಕಾದರೆ ಆ ಕಾಗದದಲ್ಲಿ ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕು?